ಎದೆ ಭಾರವಾದಾಗ ಯಾರ ಮುಂದೆ ಹೇಳಬೇಕು?

"ಮನಸ್ಸಿಗೆ ಬೇಸರವಾಗಿದೆ" ಎಂದು ಹೇಳಿಕೊಂಡು ಆಸ್ಪತ್ರೆಗೆ ಬರುವವರು ಬಹಳ ಕಡಿಮೆ. ಹಾನಗಲ್ಲ, ಶಿಗ್ಗಾವಿ, ಸವಣೂರು, ಹಿರೇಕೆರೂರು ಕಡೆಯ ಜನರು ಬರುವುದು "ತಲಿ ಭಾರ ಆಗೇತ್ರಿ", "ಎದಿಯೊಳಗ ಡವಡವ ಅಂತೈತಿ", "ಕೈಕಾಲು ಸೇದತಾವ", "ಊಟ ಸೇರವಲ್ದು" ಎಂಬ ದೂರುಗಳೊಡನೆ. ರಕ್ತ ಪರೀಕ್ಷೆ ಮಾಡಿಸಿದರೆ ಎಲ್ಲವೂ ಸರಿ ಇರುತ್ತದೆ. ಒಂದು ಬಾಟಲಿ ಸಲೈನ್ ಹಚ್ಚಿಸಿಕೊಂಡು, ಶಕ್ತಿಯ ಗುಳಿಗೆ ತೆಗೆದುಕೊಂಡು ಮನೆಗೆ ಹೋಗುತ್ತಾರೆ. ವಾರ ಕಳೆಯುವಷ್ಟರಲ್ಲಿ ಮತ್ತೆ ಅದೇ ತಲೆ ಭಾರ, ಅದೇ ಎದೆ ಡವಡವ.

ಈ ನೋವುಗಳು ಸುಳ್ಳಲ್ಲ. ಮನಸ್ಸು ಕುಗ್ಗಿದಾಗ ನಿದ್ದೆ ಕೆಡುತ್ತದೆ, ಹಸಿವು ಕುಂದುತ್ತದೆ, ಮೈಯ ಸ್ನಾಯುಗಳು ಬಿಗಿಯುತ್ತವೆ. ದುಃಖವನ್ನು ಬಾಯಿಂದ ಹೇಳಲಾಗದವರ ಪರವಾಗಿ ಮೈಯೇ ಹೇಳತೊಡಗುತ್ತದೆ. ಎರಡು ವಾರ ಅಥವಾ ಅದಕ್ಕೂ ಹೆಚ್ಚು ಕಾಲ, ದಿನದ ಬಹುಭಾಗ ಬೇಸರ, ಯಾವುದರಲ್ಲೂ ಆಸಕ್ತಿ ಇಲ್ಲದಿರುವುದು, ನಸುಕಿನಲ್ಲೇ ಎಚ್ಚರವಾಗುವುದು, ಸುಮ್ಮಸುಮ್ಮನೆ ದಣಿವು, "ನನ್ನಿಂದ ಎಲ್ಲರಿಗೂ ತೊಂದರೆ" ಎಂಬ ಭಾವ ಇವೆಲ್ಲ ಸೇರಿ ಕಾಡುತ್ತಿದ್ದರೆ ಅದನ್ನು ಬರಿಯ ಬೇಸರವೆಂದು ಬಿಡಬಾರದು. ಅದು ಖಿನ್ನತೆಯಾಗಿರಬಹುದು, ಖಿನ್ನತೆಗೆ ಚಿಕಿತ್ಸೆ ಇದೆ. ಥೈರಾಯ್ಡ್ ತೊಂದರೆ ಮತ್ತು ರಕ್ತಹೀನತೆಯಿಂದಲೂ ಇಂಥದೇ ದಣಿವು ಬರುವುದುಂಟು. ಆದ್ದರಿಂದ ವೈದ್ಯರು ಒಮ್ಮೆ ರಕ್ತ ನೋಡಿದರೆ ತಪ್ಪಿಲ್ಲ. ಹೆರಿಗೆಯಾದ ಮೇಲೆ ಬಾಣಂತಿ ವಾರಗಟ್ಟಲೆ ಅಳುತ್ತಿದ್ದರೆ "ಬಾಣಂತಿ ಸೂಕ್ಷ್ಮ" ಎಂದು ಸುಮ್ಮನಾಗದೆ ಅವಳನ್ನೂ ತೋರಿಸಬೇಕು.

ನಿಮ್ಹಾನ್ಸ್ ಸಂಸ್ಥೆ 2015-16ರಲ್ಲಿ 12 ರಾಜ್ಯಗಳಲ್ಲಿ ನಡೆಸಿದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯ ಪ್ರಕಾರ, ಬದುಕಿನಲ್ಲಿ ಒಮ್ಮೆಯಾದರೂ ಖಿನ್ನತೆಗೆ ಒಳಗಾಗುವವರು ಸುಮಾರು 20 ಮಂದಿಗೆ ಒಬ್ಬರು. ಖಿನ್ನತೆ, ಆತಂಕದಂಥ ಸಾಮಾನ್ಯ ಮನೋರೋಗಗಳಿಂದ ನರಳುವವರಲ್ಲಿ ನೂರಕ್ಕೆ ಸುಮಾರು 85 ಮಂದಿಗೆ ಚಿಕಿತ್ಸೆಯೇ ಸಿಕ್ಕಿರಲಿಲ್ಲ.

ನಮ್ಮ ಕಡೆ ಇದಕ್ಕೆ ಒಂದು ವಿಶೇಷ ಕಾರಣವೂ ಉಂಟು. 1997ರಲ್ಲಿ ಹಾವೇರಿ ಬೇರೆ ಜಿಲ್ಲೆಯಾಗುವವರೆಗೆ ಈ ನಾಲ್ಕೂ ತಾಲ್ಲೂಕುಗಳು ಧಾರವಾಡ ಜಿಲ್ಲೆಯಲ್ಲಿದ್ದವು. ಧಾರವಾಡದಲ್ಲಿ 1845ರಲ್ಲಿ ಶುರುವಾದ ಮಾನಸಿಕ ಆಸ್ಪತ್ರೆ ಇದೆ. ಈಗಿನ ಡಿಮ್ಹಾನ್ಸ್ ಅದೇ. ಹೀಗಾಗಿ ಯಾರಾದರೂ ತುಸು ವಿಚಿತ್ರವಾಗಿ ಆಡಿದರೆ "ಇವನನ್ನ ಧಾರವಾಡಕ್ಕ ಕಳಿಸಬೇಕು" ಎಂದು ನಗುವುದು ರೂಢಿಯಾಗಿಬಿಟ್ಟಿದೆ. ಆಡಿದವರಿಗೆ ಅದು ಚೇಷ್ಟೆ. ಆದರೆ ಅದೇ ಮನೆಯಲ್ಲಿ ಒಳಗೊಳಗೇ ಕೊರಗುತ್ತಿರುವ ಸೊಸೆ ಅಥವಾ ಕಾಲೇಜಿಗೆ ಹೋಗುವ ಮಗ ಆ ಮಾತನ್ನು ಕೇಳಿ ಬಾಯಿ ಮುಚ್ಚಿಕೊಳ್ಳುತ್ತಾರೆ. ಈ ಚೇಷ್ಟೆಯನ್ನು ನಿಲ್ಲಿಸುವುದಕ್ಕೆ ಯಾವ ಔಷಧಿಯ ಖರ್ಚೂ ಇಲ್ಲ.

ಹಾಗಾದರೆ ಮೊದಲು ಯಾರಿಗೆ ಹೇಳಬೇಕು? ಊರಿಗೆಲ್ಲ ಹೇಳಬೇಕಾಗಿಲ್ಲ, ಒಬ್ಬರು ಸಾಕು. ಆ ಒಬ್ಬರು ಮನೆಯವರೇ ಆಗಬೇಕೆಂದೂ ಇಲ್ಲ. ಎಷ್ಟೋ ಸಲ ದುಃಖದ ಬೇರು ಮನೆಯಲ್ಲೇ ಇರುತ್ತದೆ. ಕೇಳಿದ್ದನ್ನು ಹೊಟ್ಟೆಯಲ್ಲಿಟ್ಟುಕೊಳ್ಳುವ, ನಡುವೆ ಬಾಯಿ ಹಾಕದ ಮನುಷ್ಯರನ್ನು ಆರಿಸಿಕೊಳ್ಳಿ. ತವರಿನ ಅಕ್ಕ, ಸಂಘದ ಗೆಳತಿ, ಹಳೆಯ ಮಾಸ್ತರರು, ಓಣಿಯ ಆಶಾ ಕಾರ್ಯಕರ್ತೆ, ಯಾರಾದರೂ ಆಗಬಹುದು. ಪೂರ್ತಿ ಕಥೆ ಹೇಳಬೇಕೆಂದು ಹೊರಟರೆ ನಾಲಿಗೆ ಏಳುವುದಿಲ್ಲ. "ಅಕ್ಕಾ, ಹದಿನೈದು ದಿನ ಆತು, ನಿದ್ದಿ ಬರವಲ್ದು, ಯಾವುದರಾಗೂ ಮನಸ್ಸಿಲ್ಲ. ಒಂದೀಟು ಹೊತ್ತು ನಿನ್ನ ಕೂಡ ಮಾತಾಡಬೇಕು" ಎಂದಷ್ಟು ಹೇಳಿದರೆ ಬಾಗಿಲು ತೆರೆದಂತೆ.

ಗಂಡಸರಿಗೆ ಇದು ಇನ್ನೂ ಕಷ್ಟ. ಗೋವಿನಜೋಳದ ದರ ಬಿದ್ದ ವರ್ಷ, ಮಳೆ ಕೈಕೊಟ್ಟ ವರ್ಷ, ಕಟ್ಟೆಯ ಮೇಲೆ ಕುಳಿತವರು ಬೆಲೆ, ಬೀಜ, ರಾಜಕೀಯ ಎಲ್ಲವನ್ನೂ ಮಾತಾಡುತ್ತಾರೆ. ಸಾಲದ ಚಿಂತೆಯಿಂದ ತಮಗೆ ನಿದ್ದೆಯಿಲ್ಲ ಎಂಬುದನ್ನು ಮಾತ್ರ ಯಾರೂ ಎತ್ತುವುದಿಲ್ಲ. ಸಂಜೆ ಸೆರೆ ಅಂಗಡಿಗೆ ಹೋಗಿ ಮರೆಯಲು ನೋಡುತ್ತಾರೆ. ಕುಡಿತದಿಂದ ಆ ಹೊತ್ತಿಗೆ ನಿದ್ದೆ ಬಂದಂತೆ ಕಂಡರೂ ನಿದ್ದೆಯ ಗುಣ ಕೆಡುತ್ತದೆ, ಮರುದಿನದ ಬೇಸರ ಇನ್ನಷ್ಟು ಹೆಚ್ಚುತ್ತದೆ.

ಕಟ್ಟೆಯ ಮಾತು ಬಂದದ್ದರಿಂದ ಒಂದು ವಿಷಯ ತಿಳಿಸಬೇಕು. ಆಫ್ರಿಕಾದ ಜಿಂಬಾಬ್ವೆಯಲ್ಲಿ ಡಿಕ್ಸನ್ ಚಿಬಾಂಡಾ ಎಂಬ ಮನೋವೈದ್ಯರು ಆಸ್ಪತ್ರೆಗಳ ಆವರಣದಲ್ಲಿ ಮರದ ಬೆಂಚುಗಳನ್ನು ಇರಿಸಿ, ತರಬೇತಿ ಪಡೆದ ಅಜ್ಜಿಯರನ್ನು ಅಲ್ಲಿ ಕೂರಿಸಿದರು. ಮನಸ್ಸು ಕುಗ್ಗಿದವರು ಬಂದು ಅಜ್ಜಿಯ ಪಕ್ಕದಲ್ಲಿ ಕುಳಿತು ಹೇಳಿಕೊಳ್ಳುತ್ತಾರೆ. ಇಬ್ಬರೂ ಸೇರಿ ಎಲ್ಲ ಕಷ್ಟಗಳಲ್ಲಿ ಒಂದನ್ನು ಆರಿಸಿ ಅದಕ್ಕೆ ದಾರಿ ಹುಡುಕುತ್ತಾರೆ. ಇದರಿಂದ ಖಿನ್ನತೆ ಇಳಿಯುತ್ತದೆಂದು 2016ರಲ್ಲಿ ಪ್ರಕಟವಾದ ಅಧ್ಯಯನ ತೋರಿಸಿತು. ನಮ್ಮ ಪಕ್ಕದ ಗೋವಾದಲ್ಲಿಯೂ ವೈದ್ಯರಲ್ಲದ ಸಾಮಾನ್ಯ ಜನರಿಗೆ ತರಬೇತಿ ಕೊಟ್ಟು ಇಂಥದೇ ಫಲ ಪಡೆದಿದ್ದಾರೆ. ಕೇಳುವ ಕಿವಿಗೂ ಔಷಧಿಯ ಗುಣ ಉಂಟೆಂಬುದು ಇದರಿಂದ ತಿಳಿಯುತ್ತದೆ.

ಕೇಳುವವರು ನೀವಾದರೆ, "ಧೈರ್ಯ ತಗೋ, ಏನಾಗೂದಿಲ್ಲ", "ನಿನಗೇನು ಕಡಿಮಿ ಆಗೇತಿ?" ಎಂಬ ಮಾತುಗಳನ್ನು ಆಡಬೇಡಿ. ಒಳ್ಳೆಯ ಮನಸ್ಸಿನಿಂದ ಆಡಿದರೂ ಅವು ಹೇಳುವವರ ಬಾಯಿ ಕಟ್ಟುತ್ತವೆ. "ಯಾವಾಗಿಂದ ಹಿಂಗ ಆತು?" ಎಂದು ಕೇಳಿ ಸುಮ್ಮನೆ ಕುಳಿತುಕೊಳ್ಳಿ. "ಬದುಕೂದು ಬ್ಯಾಡ ಅನ್ನಿಸೇತೇನು?" ಎಂದು ಕೇಳಲು ಹಿಂಜರಿಯಬೇಡಿ. ಹಾಗೆ ಕೇಳುವುದರಿಂದ ಇಲ್ಲದ ಯೋಚನೆ ಹುಟ್ಟುವುದಿಲ್ಲ; ಇದ್ದರೆ ಹೇಳಿಕೊಂಡು ಹಗುರಾಗುತ್ತಾರೆ. ಹೌದೆಂದರೆ ಅವರನ್ನು ಒಂಟಿಯಾಗಿ ಬಿಡದೆ ಅಂದೇ ಆಸ್ಪತ್ರೆಗೆ ಕರೆದೊಯ್ಯಿರಿ. ಒಕ್ಕಲುತನದ ಮನೆಯಲ್ಲಿ ಬೆಳೆಗೆ ಹೊಡೆಯುವ ಔಷಧಿ ಇದ್ದೇ ಇರುತ್ತದೆ. ಅದನ್ನು ಬೀಗ ಹಾಕಿ ಇಡಿ. ಅದಕ್ಕಿಂತ ಒಳ್ಳೆಯದು, ಸ್ವಲ್ಪ ದಿನ ನೆರೆಯವರ ಮನೆಯಲ್ಲಿ ಇಡುವುದು. ಅತಿ ವಿಷಕಾರಿ ಕೀಟನಾಶಕಗಳನ್ನು ನಿಷೇಧಿಸಿದ ಶ್ರೀಲಂಕಾದಲ್ಲಿ ಆತ್ಮಹತ್ಯೆಗಳು ಬಹಳವಾಗಿ ಇಳಿದವು. ಆ ಕೆಟ್ಟ ಗಳಿಗೆ ಕಳೆದುಹೋಗುವಂಥದು; ಆಗ ವಿಷ ಕೈಗೆ ಸಿಗದಿದ್ದರೆ ಜೀವ ಉಳಿಯುತ್ತದೆ. ಪೊಲೀಸ್ ಕೇಸಾದೀತೆಂದು ಹೆದರಿ ಮುಚ್ಚಿಡುವವರೂ ಇದ್ದಾರೆ. ಮಾನಸಿಕ ಆರೋಗ್ಯ ರಕ್ಷಣಾ ಕಾಯ್ದೆ 2018ರಿಂದ ಜಾರಿಯಲ್ಲಿದೆ. ಅಂಥ ಯತ್ನ ಮಾಡಿದವರು ತೀವ್ರ ಒತ್ತಡದಲ್ಲಿದ್ದರೆಂದೇ ಅದು ಭಾವಿಸುತ್ತದೆ, ಅವರ ಆರೈಕೆಯ ಹೊಣೆಯನ್ನು ಸರಕಾರದ ಮೇಲೆ ಹೊರಿಸುತ್ತದೆ.

ಶಿಶುನಾಳದ ಗದ್ದುಗೆಗೋ ಊರ ಮಠಕ್ಕೋ ಹೋಗಿ ಬಂದರೆ ಸಮಾಧಾನವಾಗುತ್ತದೆ ಎನ್ನುವವರನ್ನು ತಡೆಯಬೇಕಾಗಿಲ್ಲ. ಅಲ್ಲಿಗೂ ಹೋಗಲಿ, ಆಸ್ಪತ್ರೆಗೂ ಬರಲಿ. ಗಾಳಿ ಸೋಕಿದೆ ಎಂದು ಹೊಡೆಯುವ, ಉಪವಾಸ ಕೆಡಹುವ ಕಡೆಗೆ ಮಾತ್ರ ಕರೆದೊಯ್ಯಬಾರದು.

ಆಸ್ಪತ್ರೆಗೆಂದರೆ ಮೊದಲ ಹೆಜ್ಜೆಗೇ ಧಾರವಾಡದ ಬಸ್ಸು ಹತ್ತಬೇಕಾಗಿಲ್ಲ. ರಾಜ್ಯದಲ್ಲಿ 2014ರಲ್ಲಿ ಮನೋಚೈತನ್ಯ ಎಂಬ ಕಾರ್ಯಕ್ರಮ ಆರಂಭವಾಯಿತು. ಮಂಗಳವಾರಗಳಂದು ಮನೋವೈದ್ಯರು ಸರದಿಯ ಪ್ರಕಾರ ತಾಲ್ಲೂಕು ಆಸ್ಪತ್ರೆಗಳಿಗೆ ಬಂದು ನೋಡುವ ವ್ಯವಸ್ಥೆ ಇದು. ನಿಮ್ಮ ತಾಲ್ಲೂಕಿಗೆ ಯಾವ ಮಂಗಳವಾರ ಬರುತ್ತಾರೆಂದು ಆಸ್ಪತ್ರೆಯಲ್ಲೋ ಆಶಾ ಕಾರ್ಯಕರ್ತೆಯಲ್ಲೋ ಮೊದಲೇ ವಿಚಾರಿಸಿಕೊಂಡರೆ ಹಿರೇಕೆರೂರಿನಂಥ ದೂರದ ತಾಲ್ಲೂಕಿನ ಹಳ್ಳಿಯವರಿಗೆ ಒಂದು ದಿನದ ಕೂಲಿ ಉಳಿಯುತ್ತದೆ. ಹೆಚ್ಚಿನ ಚಿಕಿತ್ಸೆ ಬೇಕಾದರೆ ಅವರೇ ಹಾವೇರಿಗೋ ಧಾರವಾಡಕ್ಕೋ ಬರೆದುಕೊಡುತ್ತಾರೆ.

ರಾತ್ರಿ ಎರಡು ಗಂಟೆಗೆ ಎದೆ ಭಾರವಾದರೆ 14416ಕ್ಕೆ ಫೋನ್ ಮಾಡಬಹುದು. 2022ರ ಅಕ್ಟೋಬರ್ 10ರಂದು ಆರಂಭವಾದ ಟೆಲಿ-ಮಾನಸ್ ಸಹಾಯವಾಣಿ ಇದು. ಹಗಲು ರಾತ್ರಿ ಉಚಿತ. ಕನ್ನಡದಲ್ಲೇ ಮಾತನಾಡಬಹುದು. ಮೊದಲು ಸಲಹೆಗಾರರು ಕೇಳಿಕೊಳ್ಳುತ್ತಾರೆ, ಅಗತ್ಯವಿದ್ದರೆ ಮನೋವೈದ್ಯರಿಗೆ ಜೋಡಿಸುತ್ತಾರೆ. ಮನೆಯಲ್ಲಿ ಒಂದೇ ಫೋನ್, ಅದೂ ಗಂಡನ ಜೇಬಿನಲ್ಲಿ ಎನ್ನುವ ಹೆಣ್ಣುಮಕ್ಕಳು ಆಶಾ ಕಾರ್ಯಕರ್ತೆಯ ಅಥವಾ ಗೆಳತಿಯ ಫೋನಿನಿಂದ ಮಾತನಾಡಬಹುದು. ಜೀವಕ್ಕೆ ಅಪಾಯ ಎದುರಾದಾಗ ಮಾತ್ರ ತಡಮಾಡದೆ 112 ಅಥವಾ 108ಕ್ಕೆ ಕರೆ ಮಾಡಿ.

ವೈದ್ಯರು ಖಿನ್ನತೆಗೆ ಗುಳಿಗೆ ಕೊಟ್ಟರೆ ನಿದ್ದೆಗುಳಿಗೆ ಕೊಟ್ಟರೆಂದು ತಿಳಿಯಬೇಡಿ. ಈ ಗುಳಿಗೆಗಳು ಚಟ ಹಿಡಿಸುವಂಥವಲ್ಲ. ಗುಣ ಕಾಣಲು ಎರಡರಿಂದ ನಾಲ್ಕು ವಾರ ಬೇಕು. ಮೊದಲ ವಾರ ಹೊಟ್ಟೆ ತೊಳಸಿದಂತಾಗುವುದುಂಟು. ಅಷ್ಟಕ್ಕೇ ಬಿಟ್ಟುಬಿಟ್ಟು "ದವಾಖಾನಿ ಔಷಧಿ ಹತ್ತಲಿಲ್ಲ" ಎನ್ನುವವರೇ ಹೆಚ್ಚು. ಮನಸ್ಸು ಸರಿಯಾದ ಮೇಲೂ ಕನಿಷ್ಠ ಆರು ತಿಂಗಳು ಮುಂದುವರಿಸಬೇಕಾಗುತ್ತದೆ. ನಿಲ್ಲಿಸುವಾಗ ವೈದ್ಯರು ಹೇಳಿದಂತೆ ಸ್ವಲ್ಪಸ್ವಲ್ಪವಾಗಿ ಇಳಿಸಬೇಕು. ಮೊದಲ ಸಲ ತೋರಿಸಲು ಹೋಗುವಾಗ, ನೀವು ಮನಸ್ಸು ಬಿಚ್ಚಿ ಹೇಳಿಕೊಂಡ ಆ ಒಬ್ಬರನ್ನೇ ಜೊತೆಗೆ ಕರೆದುಕೊಂಡು ಹೋಗಿ. ಎಷ್ಟು ದಿನದಿಂದ ನಿದ್ದೆಯಿಲ್ಲ, ಊಟ ಎಷ್ಟು ಕಡಿಮೆಯಾಗಿದೆ ಎಂಬುದನ್ನು ನೀವು ಮರೆತರೂ ಅವರು ವೈದ್ಯರಿಗೆ ಹೇಳುತ್ತಾರೆ.