ಮಡಿಚುವ ಬಿಡಾರವೋ, ಗಟ್ಟಿಗೋಡೆಯ ಬಂಡಿಯೋ?

ಅಮೆರಿಕದ ಕೊಲೊರಾಡೊ ರಾಜ್ಯದಲ್ಲಿ ನೆಲೆಸಿರುವ ನಮ್ಮ ಹಳೆಯ ಸಹಪಾಠಿಯೊಬ್ಬರಿಂದ ಕಳೆದ ತಿಂಗಳು ಪತ್ರವೊಂದು ಬಂದಿತು. ಬೇಸಗೆಯ ರಜೆಯಲ್ಲಿ ಹೆಂಡತಿ ಮಕ್ಕಳೊಡನೆ ಪರ್ವತಪ್ರದೇಶದಲ್ಲಿ ಬೀಡುಬಿಡುತ್ತ ಸಂಚರಿಸಬೇಕೆಂಬುದು ಅವರ ಆಸೆ. ಒಂದೇ ಬೆಲೆಗೆ ಎರಡು ಬಂಡಿಗಳು ಅವರಿಗೆ ದೊರೆಯುವಂತಿವೆ: ಒಂದು, ಹೊಸ ‘ಪಾಪ್-ಅಪ್ ಕ್ಯಾಂಪರ್’, ಇನ್ನೊಂದು, ಹತ್ತು ವರ್ಷ ಬಳಸಿದ ‘ಟ್ರಾವೆಲ್ ಟ್ರೇಲರ್’. ಯಾವುದನ್ನು ಕೊಳ್ಳಲಿ ಎಂದು ಭೌತವಿಜ್ಞಾನ ಬೋಧಿಸುವ ನಮ್ಮನ್ನು ಕೇಳಿದ್ದರು. ವ್ಯಾಪಾರದ ಮರ್ಮ ನಮಗೆ ತಿಳಿಯದು; ಆದರೆ ಈ ಪ್ರಶ್ನೆಯ ಮುಕ್ಕಾಲು ಪಾಲು ಬಲವಿಜ್ಞಾನಕ್ಕೇ ಸೇರಿದುದು.

ಎರಡೂ ಕಾರಿನ ಹಿಂದೆ ಕಟ್ಟಿ ಎಳೆಯುವ ಬಂಡಿಗಳೇ. ಮೊದಲನೆಯದು ದಾರಿಯಲ್ಲಿ ತಗ್ಗಾದ ಪೆಟ್ಟಿಗೆ; ಬೀಡು ಸೇರಿದ ಮೇಲೆ ಮಾಡನ್ನು ಮೇಲೆತ್ತಿ, ಮಂಚಗಳನ್ನು ಎರಡು ಕಡೆಗೂ ಹೊರಕ್ಕೆಳೆದರೆ ಬಟ್ಟೆಗೋಡೆಯ ಮನೆಯಾಗುತ್ತದೆ. ಎರಡನೆಯದು ಸದಾ ನಿಂತಿರುವ ಗಟ್ಟಿಗೋಡೆಯ ಮನೆ.

ಮೊದಲು ಗಾಳಿಯ ವಿಚಾರ. ಗಂಟೆಗೆ 90 ಕಿಲೋಮೀಟರ್, ಎಂದರೆ ಸೆಕೆಂಡಿಗೆ 25 ಮೀಟರ್ ವೇಗದಲ್ಲಿ ಹೋಗುವಾಗ, ಸಮುದ್ರಮಟ್ಟದ ವಾಯುವು ತನಗೆ ಅಡ್ಡವಾದ ಪ್ರತಿಯೊಂದು ಚದರ ಮೀಟರನ್ನೂ ಸುಮಾರು 375 ನ್ಯೂಟನ್ ಬಲದಿಂದ ತಡೆಯುತ್ತದೆಂದು ಸ್ಥೂಲವಾಗಿ ಹೇಳಬಹುದು. ಮಡಿಚಿದ ಕ್ಯಾಂಪರ್ ಬಹುಮಟ್ಟಿಗೆ ಕಾರಿನ ಮರೆಯಲ್ಲೇ ಅಡಗುತ್ತದೆ. ಟ್ರೇಲರಾದರೋ ಕಾರಿಗಿಂತ ಎತ್ತರ, ಅಗಲ. ಹೀಗೆ ಹೊರಚಾಚಿದ ಭಾಗ 4 ಚದರ ಮೀಟರ್ ಎಂದಿಟ್ಟುಕೊಂಡರೆ ಹೆಚ್ಚುವರಿ ತಡೆ 1500 ನ್ಯೂಟನ್. ಇದನ್ನು ಮೀರಲು 37.5 ಕಿಲೋವಾಟ್, ಅಂದರೆ ಸುಮಾರು 50 ಅಶ್ವಶಕ್ತಿ ಬೇಕು! ಈ ಶಕ್ತಿ ವೇಗದ ಘನಕ್ಕೆ ಅನುಗುಣವಾದುದರಿಂದ, ಗಂಟೆಗೆ 70 ಕಿಲೋಮೀಟರಿಗೆ ಇಳಿದರೆ 18 ಕಿಲೋವಾಟ್ ಸಾಕು. ಪೆಟ್ರೋಲಿನ ಖರ್ಚಿಗೆ ಹೆದರುವವರು ಅವಸರಪಡದಿರುವುದು ಲೇಸು.

ಇನ್ನು ತೂಕ. ನಮ್ಮ ಮಿತ್ರರ ಕಾರು 5000 ಪೌಂಡು, ಅಂದರೆ ಸುಮಾರು 2270 ಕಿಲೋಗ್ರಾಂ ಎಳೆಯಬಲ್ಲದೆಂದು ತಯಾರಕರು ನಮೂದಿಸಿದ್ದಾರೆ. ಟ್ರೇಲರಿನ ಬರಿ ತೂಕ 1800 ಕಿಲೋಗ್ರಾಂ, ಸಾಲದೆ? ಸಾಲದು! ತೊಟ್ಟಿಯಲ್ಲಿ 150 ಲೀಟರ್ ನೀರು ತುಂಬಿದರೆ 150 ಕಿಲೋಗ್ರಾಂ; ಹಾಸಿಗೆ, ಪಾತ್ರೆ, ಸಾಮಾನುಗಳಿಗೆ 250. ಒಟ್ಟು 2200.

ಅಂಚಿನಲ್ಲಾದರೂ ಮಿತಿಯೊಳಗಿದೆಯಲ್ಲ ಎಂದು ವಾಚಕರು ಕೇಳಬಹುದು. ಇಲ್ಲಿಯೇ ಸೂಕ್ಷ್ಮವಿರುವುದು. ಎತ್ತಿನ ಗಾಡಿಗೆ ಹೊರೆ ಹೇರುವವರು ಭಾರವನ್ನು ತುಸು ಮುಂದಕ್ಕೇ ಇಡುತ್ತಾರೆ. ಹಿಂದಕ್ಕಾದರೆ ನೊಗವೇ ಮೇಲೇಳುತ್ತದೆ. ಟ್ರೇಲರಿನಲ್ಲಿಯೂ ಒಟ್ಟು ತೂಕದ ಶೇಕಡಾ 10ರಿಂದ 15ರಷ್ಟು ಕಾರಿನ ಕೊಂಡಿಯ ಮೇಲೆ ಬೀಳಬೇಕೆಂಬುದು ಅಲ್ಲಿನ ರೂಢಿ. ಗುರುತ್ವಕೇಂದ್ರವು ಅಚ್ಚಿನ ಹಿಂದಕ್ಕೆ ಸರಿದರೆ, ಒಂದು ಅಡ್ಡಗಾಳಿ ಬೀಸಿದೊಡನೆ ಬಂಡಿ ಬಾಲದಂತೆ ಅತ್ತಿತ್ತ ಓಲಾಡತೊಡಗುತ್ತದೆ. ಕಡಿಮೆ ವೇಗದಲ್ಲಿ ಆ ಓಲಾಟ ತಾನೇ ಅಡಗುತ್ತದೆ. ಒಂದು ನಿರ್ದಿಷ್ಟ ವೇಗವನ್ನು ಮೀರಿದರೆ ಪ್ರತಿ ಓಲಾಟವೂ ಹಿಂದಿನದಕ್ಕಿಂತ ದೊಡ್ಡದಾಗುತ್ತ ಹೋಗಿ ಕಾರನ್ನೇ ಮಗುಚಬಹುದು. ಆ ಕಾರಿನಲ್ಲಿ ಕುಳಿತಿರುವವರು ಹೆಂಡತಿ ಮಕ್ಕಳು.

2200ರಲ್ಲಿ ಶೇಕಡಾ 10 ಎಂದರೆ 220, ಶೇಕಡಾ 15 ಎಂದರೆ 330 ಕಿಲೋಗ್ರಾಂ. ಆದರೆ ಆ ಕಾರಿನ ಕೊಂಡಿಗೆ ವಿಧಿಸಿರುವ ಮಿತಿ 500 ಪೌಂಡು, ಅಂದರೆ 227 ಕಿಲೋಗ್ರಾಂ ಮಾತ್ರ! ಇದಲ್ಲದೆ ಸನ್ನೆಯ ನಿಯಮವೂ ಉಂಟು. ಕೊಂಡಿಯು ಹಿಂದಿನ ಅಚ್ಚಿಗಿಂತ 1.2 ಮೀಟರ್ ಹಿಂದಿದ್ದು, ಅಚ್ಚುಗಳ ನಡುವಣ ದೂರ 2.8 ಮೀಟರ್ ಆದರೆ, 220 ಕಿಲೋಗ್ರಾಂ ಭಾರವು ಮುಂಗಾಲಿಗಳ ಮೇಲಿನಿಂದ ಸುಮಾರು 94 ಕಿಲೋಗ್ರಾಂನಷ್ಟನ್ನು ಕಸಿಯುತ್ತದೆ. ದಿಕ್ಕು ತಿರುಗಿಸುವ ಗಾಲಿಗಳು ಅವೇ.

ಇಳಿಜಾರನ್ನೂ ನೋಡೋಣ. ಡೆನ್ವರಿನಿಂದ ಪಶ್ಚಿಮಕ್ಕೆ ಹೋಗುವ ಹೆದ್ದಾರಿ ಸುಮಾರು 3400 ಮೀಟರ್ ಎತ್ತರದಲ್ಲಿ ಐಸೆನ್‌ಹೋವರ್ ಸುರಂಗವನ್ನು ಹೊಕ್ಕು ಹೊರಬಂದು, ಸಿಲ್ವರ್‌ಥಾರ್ನ್ ಪಟ್ಟಣಕ್ಕೆ 700 ಮೀಟರಿನಷ್ಟು ಇಳಿಯುತ್ತದೆ. 2200 ಕಿಲೋಗ್ರಾಂನ ಬಂಡಿ ಅಷ್ಟು ಇಳಿಯುವಾಗ ಬಿಡುವ ಶಕ್ತಿ ಸುಮಾರು 150 ಲಕ್ಷ ಜೂಲ್. 45 ಲೀಟರ್ ನೀರನ್ನು 20 ಡಿಗ್ರಿಯಿಂದ 100 ಡಿಗ್ರಿಗೆ ಕಾಯಿಸಲು ಇದು ಸಾಕು. ಗಾಳಿಯೂ ಎಂಜಿನೂ ಇದರಲ್ಲೊಂದು ಪಾಲನ್ನು ಹೀರಬಹುದು. ಮಿಕ್ಕುದೆಲ್ಲ ಬ್ರೇಕಿನ ಕಾವು. ಸಾಮಾನು ಸಹಿತ 1100 ಕಿಲೋಗ್ರಾಂ ತೂಗುವ ಕ್ಯಾಂಪರಿಗೆ ಇದರಲ್ಲಿ ಅರ್ಧ.

ಹಳೆಯ ಟ್ರೇಲರಿಗೂ ಗುಣಗಳುಂಟು. ಗೋಡೆಯ ಪದರಗಳಲ್ಲಿ ಸಿಕ್ಕಿದ ಗಾಳಿ ಉಷ್ಣವನ್ನು ಸುಲಭವಾಗಿ ಬಿಡದು. ತೆಳುಬಟ್ಟೆಗೆ ಆ ಸಾಮರ್ಥ್ಯವಿಲ್ಲ. ಆದರೆ ಮಾಡಿನ ಸಂದುಗಳಲ್ಲಿ ಇಳಿದ ಮಳೆನೀರು ಒಳಗಿನ ಮರವನ್ನು ಕಣ್ಣಿಗೆ ಕಾಣದಂತೆ ಕೊಳೆಸಿರಬಹುದು. ಮಡಕೆ ಕೊಳ್ಳುವಾಗ ಮಾಡುವಂತೆ ಗೋಡೆಯನ್ನು ಬೆರಳಿನಿಂದ ತಟ್ಟಿ, ನೆಲವನ್ನು ಮೆಟ್ಟಿ ನೋಡಬೇಕು. ಟೈರಿನ ಮೇಲೆ ಅಚ್ಚಾದ ಸಂಕೇತದ ಕೊನೆಯ ನಾಲ್ಕು ಅಂಕಿಗಳನ್ನೂ ಓದಬೇಕು: 2319 ಎಂದಿದ್ದರೆ ಅದು 2019ರ 23ನೆಯ ವಾರದಲ್ಲಿ ತಯಾರಾದುದು. ಓಡದೆ ನಿಂತಿದ್ದರೂ ರಬ್ಬರು ಮುಪ್ಪಾಗುತ್ತದೆ.

ಇವೆಲ್ಲವನ್ನೂ ಬರೆದು, ಈ ಕಾರೇ ಇರುವತನಕ ಕ್ಯಾಂಪರನ್ನೇ ಕೊಳ್ಳಿರೆಂದು ಉತ್ತರಿಸಿದೆವು. ಮಳೆಯಲ್ಲಿ ನೆನೆದ ಬಟ್ಟೆಗೋಡೆಯನ್ನು ಮಡಿಚಿಟ್ಟರೆ ಬೂಷ್ಟು ಹಿಡಿಯುವುದು ನಿಶ್ಚಯ. ಆದುದರಿಂದ ಮನೆ ಸೇರಿದೊಡನೆ ಬಿಚ್ಚಿ ಒಣಗಿಸಬೇಕೆಂದೂ ಸೇರಿಸಿದೆವು. ಯೆಲ್ಲೋಸ್ಟೋನ್ ಉದ್ಯಾನಕ್ಕೆ ಹೋಗುವುದಾದರೆ ಫಿಷಿಂಗ್ ಬ್ರಿಜ್ ಬೀಡಿನಲ್ಲಿ ಅವರಿಗೆ ಎಡೆ ಸಿಗದು. ಅದು ಗ್ರಿಜ್ಲಿ ಕರಡಿಗಳ ನಾಡಾದುದರಿಂದ ಅಲ್ಲಿ ಗಟ್ಟಿಗೋಡೆಯ ಬಂಡಿಗಳಿಗೆ ಮಾತ್ರ ಪ್ರವೇಶ.