ಇಂಗ್ಲಿಷಿನ ಎರಡು ವಕಾರಗಳು

ಇಂಗ್ಲಿಷಿನ 'ವಿ' ಮತ್ತು 'ಡಬ್ಲ್ಯೂ' ಅಕ್ಷರಗಳ ಧ್ವನಿಗಳು ಬೇರೆ ಬೇರೆಯಾದರೂ, ಕನ್ನಡದಲ್ಲಿ ಅವೆರಡಕ್ಕೂ ವಕಾರವೊಂದೇ ಇರುವುದರಿಂದ, ದ್ರಾಕ್ಷಿಯ ಬಳ್ಳಿಯನ್ನೂ ಅದರ ಮದ್ಯವನ್ನೂ ಹೆಸರಿಸುವ ಪದಗಳೆರಡೂ ಕನ್ನಡಿಗರ ಬಾಯಲ್ಲಿ 'ವೈನ್' ಎಂದೇ ಕೇಳಿಸುವುದುಂಟು. ಮೊದಲನೆಯದು ದಂತೋಷ್ಠ್ಯ ಘರ್ಷಧ್ವನಿ, ಎಂದರೆ ಕೆಳತುಟಿಯನ್ನು ಮೇಲಿನ ಹಲ್ಲುಗಳ ಅಂಚಿಗೆ ಮೃದುವಾಗಿ ತಾಗಿಸಿ, ಗಂಟಲ ಕಂಪನದೊಡನೆ ಗಾಳಿಯು ಆ ಸಂದಿಯಲ್ಲಿ ಉಜ್ಜಿಕೊಂಡು ಹೊರಬರುವಂತೆ ಮಾಡಿದಾಗ ಹುಟ್ಟುವ ಧ್ವನಿ. ಎರಡನೆಯದು ಅರ್ಧಸ್ವರ, ಇದರಲ್ಲಿ ತುಟಿಗಳು 'ಊ' ಎನ್ನುವಾಗಿನಂತೆ ದುಂಡಗಾಗಿ, ಧ್ವನಿಯು ಕೂಡಲೇ ಮುಂದಿನ ಸ್ವರಕ್ಕೆ ಜಾರುತ್ತದೆಯೇ ಹೊರತು ಹಲ್ಲು ತುಟಿಗೆ ತಾಗುವುದಿಲ್ಲ. ಆದ್ದರಿಂದ ಕಲಿಯುವವರು ಕನ್ನಡಿಯ ಮುಂದೆ ಕುಳಿತು, ಮೊದಲನೆಯದನ್ನು ಉಸಿರಿರುವಷ್ಟು ಹೊತ್ತು ಎಳೆದು ತುಟಿಯ ಕಂಪನವನ್ನು ಗಮನಿಸಿ, ಎರಡನೆಯದನ್ನು ಉಕಾರದಿಂದ ಆರಂಭಿಸಿ ಅಭ್ಯಾಸ ಮಾಡಬೇಕು. ಅವಸರವಿಲ್ಲದ ನಿತ್ಯಾಭ್ಯಾಸದಿಂದ ಈ ಭೇದವು ಖಂಡಿತ ಕರಗತವಾಗುತ್ತದೆ.