‘ಕೆದಾರ್’ ಎಂಬ ಕ್ರಿಯಾಪದವನ್ನು ಕಲಿಯುವವರಿಗೆ

ಸ್ಪ್ಯಾನಿಷ್ ಭಾಷೆಯನ್ನು ಅಭ್ಯಸಿಸಹೊರಟ ಮಿತ್ರರು, ಆ ಭಾಷೆಯ ದೈನಂದಿನ ಸಂಭಾಷಣೆಯಲ್ಲಿ ಪದೇಪದೇ ಕಿವಿಗೆ ಬೀಳುವ ‘ಕೆದಾರ್’ ಎಂಬ ಕ್ರಿಯಾಪದಕ್ಕೆ ನಿಘಂಟು ಕೊಡುವ ಅರ್ಥಗಳ ದೀರ್ಘಪಟ್ಟಿಯನ್ನು ಕಂಠಪಾಠ ಮಾಡುವುದರಲ್ಲಿ ಕಾಲವನ್ನು ವ್ಯಯಿಸದೆ, ಅದರ ಮೂಲಭಾವವಾದ ಉಳಿಯುವಿಕೆಯನ್ನು ಮೊದಲು ಮನಸ್ಸಿಗೆ ತಂದುಕೊಳ್ಳಬೇಕು. ಶಾಂತಗೊಳಿಸು ಎಂಬರ್ಥದ ಲ್ಯಾಟಿನ್ ಶಬ್ದದಿಂದ ಹುಟ್ಟಿದ ಈ ಪದದಲ್ಲಿ, ಚಲನೆ ಅಡಗಿದ ತರುವಾಯ ನೆಲೆಗೊಂಡ ಸ್ಥಿತಿಯೇ ನಾನಾ ರೂಪಗಳಲ್ಲಿ ಗೋಚರಿಸುತ್ತದೆ.

‘ಮೆ ಕೇದಾನ್ ದೋಸ್ ಲಿಬ್ರೋಸ್’ ಎಂದರೆ ‘ನನಗೆ ಎರಡು ಪುಸ್ತಕಗಳು ಉಳಿದಿವೆ’. ಇಲ್ಲಿ ಉಳಿದ ವಸ್ತುವೇ ಕರ್ತೃ, ಕ್ರಿಯಾಪದದ ಬಹುವಚನವೂ ಅದಕ್ಕೇ ಸಲ್ಲುವುದು, ಮನುಷ್ಯನಾದರೋ ಚತುರ್ಥಿಯಲ್ಲಿ ನಿಲ್ಲುವನು. ಇಂಗ್ಲಿಷಿನ ಮಾರ್ಗವಾಗಿ ಬರುವವರನ್ನು ತೊಡಕಿಗೆ ಸಿಲುಕಿಸುವ ಈ ರಚನೆ ನಮಗೆ ಹುಟ್ಟಿನಿಂದ ಬಂದುದಾದುದರಿಂದ, ಕನ್ನಡದಿಂದಲೇ ನೇರವಾಗಿ ಇದನ್ನು ಗ್ರಹಿಸುವುದು ಲೇಸೆಂದು ನನ್ನ ದೃಢವಾದ ಅಭಿಪ್ರಾಯ. ಉಡುಪನ್ನು ಕುರಿತು ‘ತೆ ಕೇದಾ ಬ್ಯೆನ್’ ಎಂದಾಗಲೂ ‘ನಿನಗೆ ಚೆನ್ನಾಗಿ ಒಪ್ಪುತ್ತದೆ’ ಎಂಬ ನಮ್ಮ ಮಾತಿನ ಅಚ್ಚೇ ಅಲ್ಲಿ ಕಾಣುವುದು.

‘ದೋಂದೆ ಕೇದಾ’, ಅಂದರೆ ‘ಎಲ್ಲಿದೆ’, ಎಂದು ನಿಲ್ದಾಣ, ಅಂಗಡಿಗಳಂಥ ಸ್ಥಿರವಾದ ತಾಣಗಳನ್ನು ಕುರಿತು ಕೇಳಬಹುದೇ ಹೊರತು ಕಳೆದುಹೋದ ಬೀಗದ ಕೈಯನ್ನು ಕುರಿತು ಕೇಳಲಾಗದು. ‘ಸೆ’ ಸೇರಿ ‘ಕೆದಾರ್ಸೆ’ಯಾದಾಗ ಒಂದೆಡೆ ತಂಗುವುದೆಂಬ ಅರ್ಥವಲ್ಲದೆ, ವಿಧುರನಾಗುವುದು, ಕುರುಡಾಗುವುದು ಮೊದಲಾದ ಸ್ಥಿತ್ಯಂತರಗಳ ಅರ್ಥವೂ ಬರುವುದರಿಂದ, ಪ್ರತಿಯೊಂದು ಪ್ರಯೋಗವನ್ನೂ ಪೂರ್ಣವಾಕ್ಯದಲ್ಲಿಟ್ಟು ಗಟ್ಟಿಯಾಗಿ ಉಚ್ಚರಿಸಿ ರೂಢಿಸಿಕೊಳ್ಳಿರಿ. ಸ್ಪೇನಿನ ಸ್ನೇಹಿತರು ‘ಕೆದಾಮೋಸ್ ಆ ಲಾಸ್ ಸಿಂಕೋ’ ಎಂದರೆ, ಐದು ಗಂಟೆಗೆ ಭೇಟಿಯಾಗೋಣವೆಂದು ನಿಶ್ಚಯಿಸುತ್ತಿದ್ದಾರೆಂದು ತಿಳಿಯತಕ್ಕದ್ದು.